ಭಾವನ ಕೊಳವೆಯಲ್ಲಿ ನನ್ನ ಎಂಜಲು

ಇದನ್ನು ಬರೆದು ಹೇಳಿಬಿಡಬೇಕೆಂದುಕೊಂಡು ಎರಡು ವರ್ಷವಾಯಿತು. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಕನ್ನಡಕ ಒಡೆದಿದೆ, ಸೊಂಟ ಹಿಡಿದಿದೆ, ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ. ಈಗ ಕನ್ನಡಕ ಹೊಸದು, ಸೊಂಟ ಸರಿಹೋಗಿದೆ, ಗೋಡೆಯ ಸುಣ್ಣ ಒಣಗಿ ಉದುರುವುದಕ್ಕೂ ಶುರುವಾಗಿದೆ. ಇನ್ನು ಹೇಳಲೇಬೇಕು. ಆದರೆ ನೇರವಾಗಿ ತಪ್ಪಿನ ಹತ್ತಿರ ಹೋಗುವಷ್ಟು ಧೈರ್ಯ ನನಗಿಲ್ಲ. ಮೊದಲು ಭಾವನ ವಿಷಯ ಹೇಳುತ್ತೇನೆ, ನಗುತ್ತಾ ಬನ್ನಿ.

ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಊಟವನ್ನು ಅನುಮಾನಿಸುವುದರಲ್ಲಿ ಟಿ. ನರಸೀಪುರ ತಾಲ್ಲೂಕಿಗೇ ಮೊದಲಿಗರು! ಬೇರೆಯವರು ತಟ್ಟೆಯ ಮುಂದೆ ಕೂತರೆ ದೇವರನ್ನು ನೆನೆಯುತ್ತಾರೆ. ಭಾವ, ಹೋದ ಸಲ ಇದನ್ನು ತಿಂದಾಗ ಏನಾಯಿತು ಎಂದು ನೆನೆಯುತ್ತಿದ್ದರು. ಸೋಸಲೆಯ ಕಡೆ ನಾಲೆಯ ತೂಬಿನಲ್ಲಿ ನೀರು ಬಿಡುವ ಸೌಡಿಯಾಗಿ ಮೂವತ್ತು ವರ್ಷ ದುಡಿದವರು. ಯಾವ ಗದ್ದೆಗೆ ಎಷ್ಟು ನೀರು ಎಂಬುದರಲ್ಲಿ ಒಂದು ದಿನವೂ ತಡವರಿಸಲಿಲ್ಲ. ತಮ್ಮ ಹೊಟ್ಟೆಗೆ ಒಂದು ಲೋಟ ಮಜ್ಜಿಗೆ ಬಿಡಬೇಕೆಂದರೆ ಮಾತ್ರ ಅರ್ಧ ಗಂಟೆ ಯೋಚನೆ!

ಇದಕ್ಕೆಂದೇ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದರು. ಒಂದು ದಿನ ಕದ್ದು ನೋಡಿದೆ. "ಸೋಮವಾರ, ಹುರುಳಿ ಸಾರು, ಎಡಗೈ ನವೆ. ಮಂಗಳವಾರ, ಹುರುಳಿ ಸಾರು, ಬಲಗೈ ನವೆ. ಬುಧವಾರ, ಉಪವಾಸ, ಎರಡೂ ಕೈ ನವೆ."

"ಹಂಗಾದ್ರೆ ನಿಮಗೆ ಉಪವಾಸವೂ ಆಗಿಬರಕ್ಕಿಲ್ಲ ಭಾವ," ಎಂದೆ.

"ನಗು ಕಣ್ಲಾ, ನಗು. ನಿನ್ ಒಟ್ಟೆ ರುಬ್ಬೋ ಗುಂಡು, ಕಲ್ಲಾಕಿದ್ರೂ ನುಣ್ಣಗಾಯ್ತದೆ. ನಂದು ಅಂಗಲ್ಲ."

ಅವರ ಪಟ್ಟಿಯಲ್ಲಿ ಕಡಲೆಕಾಯಿಯೂ ಇತ್ತು. ಮದುವೆಯಾದ ಹೊಸದರಲ್ಲಿ ಮೂಗೂರಿನ ನೆಂಟರ ಮನೆಯಲ್ಲಿ ಕಡಲೆಕಾಯಿ ಮಿಠಾಯಿ ತಿಂದು ತುಟಿ ಊದಿಕೊಂಡಿತ್ತಂತೆ. ಅಂದಿನಿಂದ ಅದನ್ನು ಮುಟ್ಟಿರಲಿಲ್ಲ. ಆದರೆ ಸೌತೆಕಾಯಿಗೂ ನುಗ್ಗೆಕಾಯಿಗೂ ಇಂಥದೇ ಕಥೆ ಹೇಳುವ ಮನುಷ್ಯ ಕಡಲೆಕಾಯಿಯ ಕಥೆ ಹೇಳಿದರೆ ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ.

ಮೂರು ವರ್ಷದ ಹಿಂದೆ ಭಾವ ಫೋನಿನಲ್ಲಿ ಒಂದು ಜಾಹೀರಾತು ನೋಡಿದರು. ಮನೆಯಲ್ಲೇ ಕೂತು ಒಂದು ಕೊಳವೆಯೊಳಗೆ ಉಗುಳಿ ಕಳಿಸಿದರೆ ಸಾಕು, ನಿಮ್ಮ ಡಿ.ಎನ್.ಎ. ನೋಡಿ ಯಾವ ಆಹಾರ ನಿಮಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ಬರೆದು ಕಳಿಸುತ್ತಾರಂತೆ! ಭಾವ ಕೂಡಲೇ ನರಸೀಪುರದ ಮೊಬೈಲ್ ಅಂಗಡಿಗೆ ಹೋಗಿ ಆರ್ಡರ್ ಮಾಡಿಸಿದರು. ಸೋಸಲೆಗೆ ಕೊರಿಯರ್‌ನವರು ಸರಿಯಾಗಿ ಬರುವುದಿಲ್ಲವೆಂದು ನಂಜನಗೂಡಿನ ನನ್ನ ವಿಳಾಸ ಕೊಟ್ಟರು. ನನ್ನ ಗ್ರಹಚಾರ ಬಂದದ್ದೂ ಅದೇ ವಿಳಾಸಕ್ಕೆ.

ಡಬ್ಬ ಬಂತು. ಭಾವ ಮೊದಲ ಬಸ್ಸಿಗೇ ಬಂದರು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಚೀಟಿ ಓದಿ ಹೇಳಿದೆ: ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಕೊಳವೆಯ ಗೆರೆ ಮುಟ್ಟುವವರೆಗೆ ಉಗುಳಬೇಕು, ನೊರೆ ಲೆಕ್ಕಕ್ಕಿಲ್ಲ. ಎಲೆಅಡಿಕೆಯ ವಿಷಯ ಅದರಲ್ಲಿ ಇರಲಿಲ್ಲ, ಅದನ್ನು ನಾನೇ ಸೇರಿಸಿದೆ. ಭಾವ ಬಾಯಿ ಮುಕ್ಕಳಿಸಿ, ಕೈಗಡಿಯಾರ ನೋಡುತ್ತಾ, ಪರೀಕ್ಷೆ ಬರೆಯಲು ಬಂದ ಹುಡುಗನ ಹಾಗೆ ಕೂತರು.

ಅರ್ಧ ಗಂಟೆಯಾಯಿತು. ಕೊಳವೆ ಬಾಯಿಗಿಟ್ಟುಕೊಂಡರು. ಏನೂ ಬರಲಿಲ್ಲ! ಮೂವತ್ತು ವರ್ಷ ಎಲೆಅಡಿಕೆ ಹಾಕಿ ನಾಲೆಯ ಏರಿಯುದ್ದಕ್ಕೂ ಉಗುಳಿಕೊಂಡು ಓಡಾಡಿದ ಮನುಷ್ಯನಿಗೆ ಅವತ್ತು ಬಾಯಿ ಒಣಗಿಹೋಯಿತು. ಭಯ ನೋಡಿ, ಭಯ.

"ಏನಾರಾ ಕೆಟ್ಟದ್ದು ಬರ್ದ್‌ಬುಟ್ರೆ ಎಂಗ್ಲಾ?" ಎಂದರು.

"ಉಗುಳಿ ಭಾವ, ಉಗುಳೋದಕ್ಕೂ ಹೆದರೋರನ್ನ ಇವತ್ತೇ ನೋಡಿದ್ದು."

ಹುಣಸೆಹಣ್ಣಿನ ಮಾತೆತ್ತಿದೆ. ಒಳಗಿನಿಂದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತಂದು ಅವರ ಮೂಗಿಗೆ ಹಿಡಿದೆ. ನೀರೂರಿದ್ದು ನನ್ನ ಬಾಯಲ್ಲಿ! ಭಾವನದು ತಳದಲ್ಲಿ ಒಂದಿಷ್ಟು ನೊರೆ ಮಾತ್ರ. ಅಷ್ಟರಲ್ಲಿ ಡಬ್ಬ ಒಯ್ಯಲು ಬರಹೇಳಿದ್ದ ಕೊರಿಯರ್‌ನವನು ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಹಾರ್ನ್ ಹೊಡೆಯತೊಡಗಿದ. "ಬೇಗ ಕೊಡಿ ಸಾ, ಇನ್ನೂ ಬಿಳಿಗೆರೆಗೆ ಓಗ್ಬೇಕು." ಭಾವ ಇನ್ನಷ್ಟು ಗಾಬರಿಯಾಗಿ, ಮುಖ ತೊಳೆದು ಬರುತ್ತೇನೆಂದು ಹಿತ್ತಿಲಿಗೆ ಹೋದರು.

ಆಗ ನಾನು ಆ ಕೆಲಸ ಮಾಡಿದೆ. ಭಾವನ ನೊರೆಯನ್ನು ಚರಂಡಿಗೆ ಕೊಡವಿ, ಗೆರೆ ಮುಟ್ಟುವವರೆಗೆ ನಾನೇ ಉಗುಳಿ, ಮುಚ್ಚಳ ತಿರುಗಿಸಿ, ಭಾವನ ಹೆಸರಿದ್ದ ಡಬ್ಬದೊಳಗಿಟ್ಟು ಕೊಟ್ಟುಬಿಟ್ಟೆ. ಯಾಕೆ ಮಾಡಿದೆ? ಅವಸರ, ತುಂಟತನ, ಇದೆಲ್ಲ ಬರೀ ಬುರುಡೆ ಎಂಬ ಉಡಾಫೆ. ಅದಕ್ಕಿಂತ ಹೆಚ್ಚಾಗಿ, ನನ್ನ ದಡ್ಡ ತಲೆಗೆ ಹೊಳೆದ ಒಂದು ಲೆಕ್ಕ: ನಾನು ಬೆಳೆದದ್ದು ಅಕ್ಕನ ಕೈಯ ಊಟದಲ್ಲಿ, ಭಾವ ನಲವತ್ತು ವರ್ಷದಿಂದ ಉಣ್ಣುತ್ತಿರುವುದೂ ಅಕ್ಕನ ಕೈಯ ಊಟ. ಎಂಜಲು ಅಷ್ಟು ಬೇರೆಯಾದೀತೇ?

ಭಾವ ಬಂದು, "ಎಲ್ಲೋಯ್ತು? ಗೆರೆ ಮುಟ್ಟಿರ್ನಿಲ್ವಲ್ಲ?" ಎಂದರು.

"ಅದರಲ್ಲಿ ಒಂದು ಔಷಧಿ ಸೇರಿಸಬೇಕು ಭಾವ. ಸೇರಿಸಿದೆ, ಗೆರೆ ಮುಟ್ಟಿತು."

ನೀರಿನ ಮಟ್ಟದ ವಿಷಯದಲ್ಲಿ ಯಾರ ಮಾತನ್ನೂ ನಂಬದ ಸೌಡಿ, ನನ್ನ ಮಾತನ್ನು ನಂಬಿದರು.

ತಿಂಗಳ ಮೇಲೆ ವರದಿ ಬಂತು. ಮೊಬೈಲ್ ಅಂಗಡಿಯಲ್ಲಿ ಬಣ್ಣದಲ್ಲೇ ಪ್ರಿಂಟ್ ತೆಗೆಸಿ, ಅಡುಗೆಮನೆಯ ಗೋಡೆಗೆ ಕ್ಯಾಲೆಂಡರಿನ ಪಕ್ಕ ಅಂಟಿಸಿದರು. ಒಂದೊಂದು ಪದಾರ್ಥದ ಚಿತ್ರ, ಪಕ್ಕದಲ್ಲಿ ಒಂದು ಚುಕ್ಕೆ. ಕೆಂಪು ಇದ್ದರೆ ಬೇಡ, ಹಳದಿ ಇದ್ದರೆ ಜೋಪಾನ, ಹಸಿರು ಇದ್ದರೆ ಧಾರಾಳ. ಹಾಲು ಕೆಂಪು! ಕಾಫಿ ಕೆಂಪು! ಗೋಧಿ ಹಳದಿ. ಕಂಡುಕೇಳರಿಯದ ಸೊಪ್ಪುಸದೆ, ಸಮುದ್ರದ ಮೀನು ಎಲ್ಲ ಹಸಿರು. ರಾಗಿಗೆ ಚಿತ್ರವೇ ಇರಲಿಲ್ಲ.

"ಈ ಬ್ರಾಕೊಲಿ ಅಂದ್ರೇನ್ಲಾ? ನಂಗೆ ಬೋ ಒಳ್ಳೇದಂತೆ. ನರಸೀಪುರದ ಸಂತೇಲಿ ಸಿಕ್ತದಾ?"

"ಸಿಗುತ್ತೆ ಭಾವ. ಹೂಕೋಸಿಗೆ ಹಸಿರು ಬಣ್ಣ ಬಳಿದು ಕೊಡ್ತಾರೆ."

ಆದರೆ ನಗು ಅಲ್ಲಿಗೇ ನಿಂತಿತು. ಯಾಕೆಂದರೆ ಭಾವ ಬದಲಾಗಿಬಿಟ್ಟರು. ಹಾಲು, ಕಾಫಿ ಬಿಟ್ಟರು, ಉಳಿದದ್ದನ್ನು ನಿಶ್ಚಿಂತೆಯಾಗಿ ಉಂಡರು. ನವೆ ಹೋಯಿತು. ಜೇಬಿನ ಪುಸ್ತಕ ಒಲೆಗೆ ಹೋಯಿತು. ಬದುಕಿನಲ್ಲಿ ಮೊದಲ ಸಲ ಆ ಮನುಷ್ಯ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು. ಅಕ್ಕ ಸಂತೋಷದಿಂದ ಫೋನ್ ಮಾಡಿ ಹೇಳಿದಳು. ನಿಜ ಹೇಳಿದರೆ ಆ ಮುದ್ದೆ ಮತ್ತೆ ತಟ್ಟೆಯಲ್ಲೇ ಉಳಿಯುತ್ತದೆ. ಹೇಳದಿದ್ದರೆ? ಆ ಕಾಗದದಲ್ಲಿರುವ ಹೊಟ್ಟೆ ಅವರದಲ್ಲವಲ್ಲ!

ಇನ್ನೊಂದು ಫಜೀತಿ. ಆ ಕೆಂಪು ಚುಕ್ಕೆಗಳೆಲ್ಲ ಯಾರವು? ನನ್ನವು! ನಲವತ್ತೈದು ವರ್ಷ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿದು ಜೀರ್ಣಿಸಿಕೊಂಡವನು, ಐದನೆಯದನ್ನು ಕೈಗೆತ್ತಿಕೊಂಡರೆ ಕೆಂಪು ಚುಕ್ಕೆ ಕಣ್ಣೆದುರು ಬರುತ್ತಿತ್ತು. ಹೊಟ್ಟೆ ಗುಡುಗುಟ್ಟಿತು. ಎಡಗೈ ನವೆಯಾಯಿತು. ಭಾವನ ಮೈ ಬಿಟ್ಟ ಭಯ ಬಾಡಿಗೆಗೆ ಮನೆ ಹುಡುಕುತ್ತಾ ನನ್ನ ಮೈಗೇ ಬಂದು ಸೇರಿತ್ತು.

ನೆಂಟರೊಬ್ಬರ ಮನೆಯ ಬೀಗರ ಔತಣದಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಪಾಯಸ ಬಂತು. ಭಾವ ಎಲೆಗೆ ಕೈ ಅಡ್ಡ ಇಟ್ಟರು. ನಾನೂ ಇಟ್ಟೆ.

"ನಿಂಗ್ಯಾಕ್ಲಾ ಬ್ಯಾಡ? ರುಬ್ಬೋ ಗುಂಡಿಗೆ ಏನಾಯ್ತು?"

"ಸುಮ್ನೆ ಭಾವ. ನೀವು ಬಿಟ್ಟಿದ್ದೀರಲ್ಲ, ನಿಮಗೆ ಜೊತೆಗಿರ್ಲಿ ಅಂತ."

ಭಾವನ ಕಣ್ಣಲ್ಲಿ ನೀರು ಬಂತು. "ನೋಡ್ರಪ್ಪಾ, ಬಾಮೈದ ಅಂದ್ರೆ ಇಂಗಿರ್ಬೇಕು ಕಣ್ರಪ್ಪಾ!" ಎಂದು ಪಂಕ್ತಿಗೆಲ್ಲ ಕೇಳುವಂತೆ ಸಾರಿದರು. ಇಡೀ ಪಂಕ್ತಿ ನನ್ನ ಕಡೆ ನೋಡಿತು. ನನಗೆ ಎಲೆಯ ಕೆಳಗೆ ತೂರಿಕೊಳ್ಳುವ ಹಾಗಾಯಿತು. ಅವತ್ತೇ ಹೇಳಬೇಕಿತ್ತು. ಊಟವಾಗಲಿ ಎಂದುಕೊಂಡೆ. ಊಟವಾಯಿತು, ಬಸ್ಸು ಬಂತು, ಹತ್ತಿ ಊರಿಗೆ ಬಂದೆ.

ಅಕ್ಕನ ವಿಷಯ ಹೇಳದೆ ಮುಂದೆ ಹೋಗಲಾರೆ. ಅಕ್ಕನಿಗೆ ಓದು ಬಾರದು. ನಲವತ್ತು ವರ್ಷ ಅವಳು ಗಂಡನ ಅನುಮಾನಕ್ಕೆ ಹೆದರಿ ಅಡುಗೆ ಮಾಡಿದವಳು. ಆ ಕಾಗದವನ್ನು ಓದಲು ಮಾತ್ರ ಅಕ್ಷರ ಬೇಕಿರಲಿಲ್ಲ. ಚಿತ್ರವಿದೆ, ಬಣ್ಣವಿದೆ! ಬೆಳಗ್ಗೆ ಎದ್ದು ಗೋಡೆಯ ಮುಂದೆ ನಿಂತು, ಹಸಿರು ಚುಕ್ಕೆಗಳ ಮೇಲೆ ಬೆರಳಿಟ್ಟು, ಅವತ್ತಿನ ಅಡುಗೆ ತೀರ್ಮಾನ ಮಾಡುತ್ತಿದ್ದಳು. ಒಂದು ಬೆಳಗ್ಗೆ ಅವಳ ಬೆರಳು ಕಡಲೆಕಾಯಿಯ ಚಿತ್ರಕ್ಕೆ ಬಂತು. ಪಕ್ಕದಲ್ಲಿ ಹಸಿರು ಚುಕ್ಕೆ.

ಮಧ್ಯಾಹ್ನ ಅಕ್ಕನ ಫೋನು. "ಬೇಗ ಬಾರಪ್ಪಾ. ನಿಮ್ ಭಾವನ್ನ ನರಸೀಪುರದ ಆಸ್ಪತ್ರೆಗೆ ಕರ್ಕೊಂಡ್ ಬಂದಿವ್ನಿ. ಮೊಖವೆಲ್ಲ ಊದ್ಕೊಂಡದೆ, ಉಸ್ರೇ ಆಡ್ತಿಲ್ಲ ಕಣೋ."

ನಂಜನಗೂಡಿನಿಂದ ನರಸೀಪುರಕ್ಕೆ ಅದೆಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ! ಅವತ್ತು ಬಸ್ಸು ಪ್ರತಿ ಮರದಡಿಯೂ ನಿಲ್ಲುತ್ತಿರುವ ಹಾಗೆ ಕಂಡಿತು. ಹೋಗುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟು, ಮೂಗಿಗೆ ಆಮ್ಲಜನಕ ಹಾಕಿ ಮಲಗಿಸಿದ್ದರು. ಭಾವನ ಮುಖ ಭಾವನ ಮುಖದಂತಿರಲಿಲ್ಲ. ಉಸಿರು ಮಾತ್ರ ಬರುತ್ತಿತ್ತು.

ಡಾಕ್ಟರು ಹೊರಗೆ ಬಂದು, "ಕಡಲೆಕಾಯಿ ಕೊಟ್ಟೋರು ಯಾರ್ರೀ?" ಎಂದು ಗದರಿದರು.

"ನಾನೇ ಸಾ," ಎಂದಳು ಅಕ್ಕ. "ಬ್ಯಾಡ ಅಂತಿದ್ರು. ಉಗುಳಿ ಕಳ್ಸಿದ್ ಕಾಗ್ದದಲ್ಲಿ ಅಸ್ರು ಚುಕ್ಕಿ ಅದೆ, ಚಟ್ನಿ ತಿನ್ನಿ, ಏನೂ ಆಗಕಿಲ್ಲ ಅಂತ ನಾನೇ ಬಲವಂತ ಮಾಡಿ ಬಡಿಸ್ದೆ."

"ಹಿಂದೆ ಯಾವತ್ತಾದ್ರೂ ತುಟಿ ಊದಿತ್ತಾ? ಊದಿದ್ರೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕೇನಮ್ಮ? ಉಗುಳಿ ಕಳಿಸಿ ಬಂದ ಕಾಗದ ನಂಬ್ಕೊಂಡು ಇಂಥದ್ದನ್ನ ಕೊಡೋದಾ?"

ಅಕ್ಕ ತಲೆ ತಗ್ಗಿಸಿ ನಿಂತಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಅವತ್ತು ಕ್ಷಣದಲ್ಲಿ ಗೆರೆ ಮುಟ್ಟುವಷ್ಟು ಒದಗಿದ ನನ್ನ ಬಾಯಿ ಈಗ ಒಣಗಿ ಅಂಟಿಕೊಂಡಿತ್ತು. ಭಾವನದೇ ಎಂಜಲಾಗಿದ್ದರೂ ಆ ಕಾಗದ ತಪ್ಪು ಹೇಳಬಹುದಿತ್ತಲ್ಲ ಎಂದು ಒಳಗೇ ಒಂದು ವಕಾಲತ್ತು ಹೂಡಿದೆ. ಹೌದು, ಹೇಳಬಹುದಿತ್ತು. ಆದರೆ ಅದು ಭಾವನ ಎಂಜಲಾಗಿರಲಿಲ್ಲ.

ಭಾವ ಮೂರು ದಿನಕ್ಕೆ ಮನೆಗೆ ಬಂದರು. ಕಾಗದ ಗೋಡೆಯಿಂದ ಇಳಿಯಿತು, ಹೊಸ ಪುಸ್ತಕ ಜೇಬಿಗೆ ಬಂತು. ನಾನು ಆರು ತಿಂಗಳು ನಿದ್ದೆಗೆಟ್ಟು, ಕೊನೆಗೆ ಒಂದು ಸಂಜೆ ನಾಲೆಯ ಏರಿಯ ಮೇಲೆ ಅವರ ಜೊತೆ ನಡೆಯುವಾಗ ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಭಾವ ನಿಂತರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಂದ್ರೆ ಒಂದ್ ವರ್ಸ ನಾನು ಕಾಪಿ ಬುಟ್ಟಿದ್ದು ನಿನ್ ಒಟ್ಟೆಗಾ?"

"ಹೂಂ ಭಾವ."

"ಥೂ ನಿನ್ನ!" ಎಂದವರೇ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಕಣ್ಣೊರೆಸಿಕೊಂಡು, "ನಂಗೆ ಯೋಳಿದ್ದಾಯ್ತು ಬುಡು. ನಿಮ್ಮಕ್ಕಂಗೆ ಯೋಳು. ನಾ ಯೋಳಿದ್ರೆ, ತನ್ ಮನ್ಸ್ ತಣ್ಣಗಾಗ್ಲಿ ಅಂತ ಕಥೆ ಕಟ್ತಾವ್ರೆ ಅಂದ್ಕತಾಳೆ. ನೀನೇ ಯೋಳು," ಎಂದರು.

ಹೇಳಿಲ್ಲ. ಅಕ್ಕ ಅಂದಿನಿಂದ ಗಂಡನಿಗೆ ತನ್ನ ಕೈಯಿಂದ ಬಡಿಸುವುದಿಲ್ಲ. ಅಡುಗೆ ಮಾಡಿ, ಪಾತ್ರೆಗಳನ್ನೆಲ್ಲ ಅವರ ಮುಂದೆ ಸಾಲಾಗಿ ಮಡಗಿ, "ನೀವೇ ನೋಡ್ಕೊಂಡ್ ಬಡಿಸ್ಕೊಳ್ಳಿ," ಎಂದು ಬಾಗಿಲ ಹತ್ತಿರ ಹೋಗಿ ಕೂರುತ್ತಾಳೆ. ಭಾವ ಎಷ್ಟು ಗೋಗರೆದರೂ ಸೌಟು ಮುಟ್ಟುವುದಿಲ್ಲ.

ಮೊನ್ನೆ ಸೋಸಲೆಗೆ ಹೋಗಿದ್ದೆ, ಹೇಳಿಯೇ ಬರಬೇಕೆಂದು. ಭಾವ ಹೊರಗೆ ಹೋಗಿದ್ದರು. ಅಕ್ಕ ನನಗೆ ತಟ್ಟೆ ಹಾಕಿ, ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಡಿಸಲು ಸೌಟು ಎತ್ತಿದವಳು ಹಾಗೇ ತಡೆದಳು.

"ನನ್ ಕೈಲಿ ಉಣ್ಣಕ್ಕೆ ನಿಂಗೆ ಭಯ ಇಲ್ವೇನಪ್ಪಾ?" ಎಂದಳು.

ನಾನು, "ಬಡ್ಸಕ್ಕ," ಎಂದೆ. ಅಷ್ಟೇ ಎಂದೆ. ಬಡಿಸಿದಳು. ತಲೆ ಎತ್ತದೆ ಉಂಡೆ, ಕೈ ತೊಳೆದೆ, ಬಸ್ಸು ಹತ್ತಿದೆ.

ಇದನ್ನು ಇಲ್ಲಿ ಬರೆಯುವ ಧೈರ್ಯ ಬಂದದ್ದು ಅವಳು ಓದಲಾರಳೆಂದೇ. ಆದ್ದರಿಂದ ಇದು ಕ್ಷಮೆ ಕೇಳಿದಂತಾಗುವುದಿಲ್ಲ ಎಂಬುದು ನನಗೆ ಗೊತ್ತು. ನಾನು ಹುಟ್ಟಿದಾಗಿನಿಂದ ಸೊಂಟದ ಮೇಲೆ ಹೊತ್ತು, ಬಾಯಿಗೆ ತುತ್ತಿಟ್ಟು ಸಾಕಿದವಳು. ಸೋಸಲೆಯ ಆ ಬಾಗಿಲ ಹತ್ತಿರ, ತನ್ನ ಕೈಗೆ ತಾನೇ ಹೆದರಿ ಕೂತಿರುವವಳು. ನನ್ನ ಅಕ್ಕ, ಚಿಕ್ಕತಾಯಮ್ಮ.