ಕಮೊಡೋರರ ಮುಂದೆ ತೂಗಾಡಿದ ದೋಣಿ

ಸಿರಿಲ್ ಪಾರ್ಜಿಟರ್‌ಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ ಒಂದು: ಕರವಸ್ತ್ರದಷ್ಟು ಅಗಲದ ಮುಮ್ಮೂಲೆ ಬಾವುಟ. ನೀಲಿ ಬಟ್ಟೆ, ಮಧ್ಯೆ ಬಿಳಿ ಹಂಸ. ಆಶ್‌ಕೊಂಬ್ ದೋಣಿ ಮಾಲೀಕರ ಸಂಘದ ಪೂರ್ಣ ಸದಸ್ಯರು ಮಾತ್ರ ಅದನ್ನು ತಮ್ಮ ದೋಣಿಯ ಮೂತಿಯಲ್ಲಿ ಹಾರಿಸಬಹುದು. ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದ ಸಿರಿಲ್ ಮನಸ್ಸು ಮಾಡಿದ್ದರೆ ಅಂಥ ಬಾವುಟಗಳನ್ನು ಮಧ್ಯಾಹ್ನದೊಳಗೆ ರಾಶಿ ಹೊಲಿಸಿ ಹಾಕಬಹುದಿತ್ತು. (ಹೆಂಡತಿ ಮ್ಯೂರಿಯಲ್ ಒಮ್ಮೆ ಹಾಗೆ ಹೇಳಿಯೂ ಬಿಟ್ಟಿದ್ದಳು. ಆ ರಾತ್ರಿ ಅವನು ಊಟ ಬಿಟ್ಟಿದ್ದ.) ಆದರೆ ಅವನಿನ್ನೂ ಪರೀಕ್ಷೆಯ ಮೇಲಿರುವ ಸದಸ್ಯ. ಥೇಮ್ಸ್ ನದಿಯ ಮೇಲೆ ಸಂಘದ ಬೇಸಿಗೆ ಕೂಟ ನಡೆಯುವ ಶನಿವಾರ, ಭಾನುವಾರಗಳಲ್ಲಿ ಕಮೊಡೋರರು ಅವನನ್ನು ಕಣ್ಣಾರೆ ನೋಡಿ ಒಪ್ಪಿದರೆ ಬಾವುಟ; ಒಪ್ಪದಿದ್ದರೆ ಜನ್ಮಪೂರ್ತಿ ಬೋಳು ಮೂತಿಯ ದೋಣಿ.

ಕಮೊಡೋರ್ ಎಂದರೆ ಸಂಘದ ಅಧ್ಯಕ್ಷರು, ಹಂಫ್ರಿ ಗ್ಯಾಸ್ಕೆಲ್. ಬಿಳಿ ಮೀಸೆ, ಚಿನ್ನದ ಗುಂಡಿಯ ಕೋಟು, ಕಡಿಮೆ ಮಾತು. ಅವರು ‘ಗಾಳಿ ಇದೆ’ ಎಂದರೆ ಸಾಕು, ಅದುವರೆಗೆ ಬೀಸುತ್ತಿದ್ದದ್ದು ಗಾಳಿಯೇ ಅಲ್ಲವೇನೋ ಎಂದು ಸಿರಿಲ್‌ಗೆ ಅನ್ನಿಸುತ್ತಿತ್ತು.

ಅಂಥವರ ಕಣ್ಣಿಗೆ ಬೀಳಲೆಂದೇ ಅವನು ಚಳಿಗಾಲವಿಡೀ ಗಂಟು ಹಾಕುವ ಮಹಾವಿದ್ಯೆಯನ್ನು ಸಾಧಿಸಿದ್ದ. ಕುರ್ಚಿಯ ಕಾಲಿಗೆ, ಮೆಟ್ಟಿಲ ಕಂಬಕ್ಕೆ, ಕೊನೆಗೆ ಉಗ್ರಾಣದ ಬಾಗಿಲಿಗೆ.

“ಸಿರಿಲ್, ಸಕ್ಕರೆ ಒಳಗಿದೆ. ಬಿಚ್ಚು ಇದನ್ನ.”

“ಎಳೆದಷ್ಟೂ ಬಿಗಿಯಾಗೋ ಗಂಟು ಮ್ಯೂರಿಯಲ್ ಅದು! ಬಿರುಗಾಳಿಗೂ ಜಗ್ಗಲ್ಲ.”

“ನನ್ನ ಅಡುಗೆಮನೇಲಿ ಬಿರುಗಾಳಿ ಯಾವತ್ತು ಬಂದಿತ್ತು?”

“ಬಂದ್ರೆ?”

ಮ್ಯೂರಿಯಲ್ ಬ್ರೆಡ್ ಕೊಯ್ಯುವ ಚಾಕು ತಂದು ಹಗ್ಗವನ್ನು ಕರಕರನೆ ಕೊಯ್ದು ಸಕ್ಕರೆ ತೆಗೆದುಕೊಂಡು ಹೋದಳು.

ಶನಿವಾರ ಬೆಳಗ್ಗೆ ದೋಣಿಗಳೆಲ್ಲ ಸಾಲುಗಟ್ಟಿ ಕೆಳಹೊಳೆಗೆ ಹೊರಟವು. ಆ ಸೊಬಗನ್ನು ಏನೆಂದು ಹೇಳುವುದು! ನೀರಿನ ಮೇಲೆ ಮಂಜು ಇನ್ನೂ ಏಳುತ್ತಿತ್ತು, ವಿಲೋ ಮರಗಳು ಬಾಗಿ ನದಿಯನ್ನು ಮುಟ್ಟುತ್ತಿದ್ದವು, ಎಲ್ಲ ದೋಣಿಗಳಲ್ಲೂ ನೀಲಿ ಬಾವುಟ. ಎಲ್ಲದರಲ್ಲೂ ಎಂದರೆ, ಸಿರಿಲ್‌ನ ‘ಡಾಲ್ಫಿನ್’ ಒಂದನ್ನು ಬಿಟ್ಟು. ಅವನ ಕಣ್ಣು ತುಂಬಿ ಬಂತು.

“ಅಳಬೇಡ ಮಾರಾಯ, ದಾರಿ ನೋಡಿ ಓಡಿಸು. ಬಾತುಕೋಳಿ ಬಂತು,” ಎಂದಳು ಮ್ಯೂರಿಯಲ್.

ಮುಂದೆ ಆಶ್‌ಕೊಂಬ್ ಲಾಕ್. ಎರಡು ದೊಡ್ಡ ಬಾಗಿಲುಗಳ ನಡುವಿನ ಕಲ್ಲಿನ ತೊಟ್ಟಿ ಅದು. ದೋಣಿಗಳು ಒಳಗೆ ಸೇರಿದ ಮೇಲೆ ನೀರು ಹೊರಬಿಟ್ಟರೆ, ನೀರಿನ ಜೊತೆಗೇ ಅವೂ ಕೆಳಗಿನ ಹೊಳೆಯ ಮಟ್ಟಕ್ಕೆ ಇಳಿಯುತ್ತವೆ. ಡಾಲ್ಫಿನ್‌ಗೆ ಸಿಕ್ಕ ಜಾಗ ಯಾವುದು? ಸಾಕ್ಷಾತ್ ಕಮೊಡೋರರ ‘ವಿಕ್ಟೋರಿಯಾ’ದ ಮಗ್ಗುಲು! ಅದರ ಮರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಹಿತ್ತಾಳೆಯಲ್ಲಿ ತನ್ನ ಮುಖ ಕಂಡ ಸಿರಿಲ್, ಅಷ್ಟು ಒಳ್ಳೆಯ ಹಿತ್ತಾಳೆಯನ್ನು ಹಾಳು ಮಾಡಬಾರದೆಂದು ಪಕ್ಕಕ್ಕೆ ಸರಿದ.

“ಹಗ್ಗ ಕಟ್ಬೇಡಿ!” ಲಾಕ್ ಕಾಯುವವನು ಮೇಲಿನಿಂದ ಕೂಗಿದ. “ದಡದ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲೇ ಹಿಡ್ಕೊಳ್ಳಿ. ನೀರು ಇಳಿದ ಹಾಗೆ ಬಿಡ್ತಾ ಬನ್ನಿ!”

ಮ್ಯೂರಿಯಲ್ ಮೂತಿಯ ಹಗ್ಗವನ್ನು ಹಾಗೆಯೇ ಹಿಡಿದುಕೊಂಡಳು. ಸಿರಿಲ್ ಹಿಂಭಾಗದಲ್ಲಿದ್ದ. ಅಷ್ಟರಲ್ಲಿ ಕಮೊಡೋರರು ಅವನತ್ತ ತಿರುಗಿದರು.

“ಗಂಟು ಚೆನ್ನಾಗಿ ಹಾಕ್ತೀರಂತೆ, ಪಾರ್ಜಿಟರ್?”

ಅವನ ಹೆಸರು ಅವರಿಗೆ ಗೊತ್ತು! ಸಿರಿಲ್‌ನ ಕಿವಿಯಲ್ಲಿ ತುತ್ತೂರಿ ಊದಿದಂತಾಯಿತು. ಲಾಕಿನವನ ಮಾತು ಎಲ್ಲಿ ಹೋಯಿತೋ ಯಾರಿಗೆ ಗೊತ್ತು. ಅವನ ಕೈಗಳು ತಾವಾಗಿಯೇ ಚಳಿಗಾಲದ ಆ ಮಹಾಗಂಟನ್ನು ಗೂಟಕ್ಕೆ ಬಿಗಿದವು.

“ಕಟ್ಬೇಡಿ ಅಂದ್ರಲ್ಲ!” ಎಂದಳು ಮ್ಯೂರಿಯಲ್.

“ಅದು ಕಲೀದೇ ಇರೋರಿಗೆ,” ಎಂದ ಸಿರಿಲ್.

ನೀರು ಇಳಿಯತೊಡಗಿತು. ದೋಣಿಗಳೆಲ್ಲ ಗಂಭೀರವಾಗಿ ಇಳಿದವು. ಮೈಮರೆತು ಕಮೊಡೋರರನ್ನೇ ನೋಡುತ್ತಿದ್ದ ಸಿರಿಲ್‌ಗೆ ಒಂದು ದಿವ್ಯಾನುಭವವಾಯಿತು: ಅವರ ಟೋಪಿ ನಿಧಾನವಾಗಿ ಕೆಳಕ್ಕೆ ಹೋಗುತ್ತಿದೆ, ತಾನು ಮೇಲೇರುತ್ತಿದ್ದೇನೆ! ಕಾಲ ಕೆಳಗಿನ ಹಲಗೆ ಇಳಿಜಾರಾದಾಗಲೇ ಅವನಿಗೆ ವಿಷಯ ಹೊಳೆದದ್ದು. ಮೂತಿ ನೀರಿನ ಜೊತೆ ಇಳಿದಿದೆ. ಹಿಂಭಾಗ ಗಂಟಿನ ಜೊತೆ ಮೇಲೆಯೇ ಇದೆ.

“ಬಿಚ್ಚು ಸಿರಿಲ್!”

“ಬಿಚ್ಚೋಕಾಗ್ತಿಲ್ಲ!”

“ಯಾಕೆ?”

“ಎಳೆದಷ್ಟೂ ಬಿಗಿಯಾಗುತ್ತೆ!”

ಕೂಟದ ಚಹಾಕ್ಕೆಂದು ಮ್ಯೂರಿಯಲ್ ಮಾಡಿ ದೋಣಿಯ ಮಾಡಿನ ಮೇಲೆ ಇಟ್ಟಿದ್ದ ಟ್ರೈಫಲ್ ಎಂಬ ಸಿಹಿಯ ದೊಡ್ಡ ಬಟ್ಟಲು ಆಗ ತನ್ನ ಯಾತ್ರೆ ಆರಂಭಿಸಿತು. ಕೇಕು, ಸ್ಟ್ರಾಬೆರಿ, ಕಸ್ಟರ್ಡು, ಕೆನೆ ಎಲ್ಲವೂ ಮಾಡಿನಿಂದ ಪಕ್ಕಕ್ಕೆ ಜಾರಿ, ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ, ಕಮೊಡೋರರ ಮೇಲೆ ಇಳಿದವು. ಲಾಕಿನವನು ನೀರು ನಿಲ್ಲಿಸಲು ಓಡಿದ. ಮ್ಯೂರಿಯಲ್ ಅವನಿಗೆ ಕಾಯಲಿಲ್ಲ. ಬುಟ್ಟಿಯಿಂದ ಬ್ರೆಡ್ ಚಾಕು ಎಳೆದುಕೊಂಡು, ಗೋಡೆಯಂತೆ ನಿಂತಿದ್ದ ದೋಣಿಯನ್ನು ಹತ್ತಿ ಬಂದು ಹಗ್ಗವನ್ನು ಕರಕರನೆ ಕೊಯ್ದಳು. ಡಾಲ್ಫಿನ್ ದಢಾರನೆ ನೀರಿಗೆ ಬಿತ್ತು. ಎದ್ದ ಅಲೆ ಕಮೊಡೋರರ ಮೇಲಿನ ಕಸ್ಟರ್ಡನ್ನು ಬಹುಮಟ್ಟಿಗೆ ತೊಳೆಯಿತು. ಅವರು ಮೀಸೆಯಲ್ಲಿ ಉಳಿದದ್ದನ್ನು ಬೆರಳಲ್ಲಿ ತೆಗೆದು, ನೆಕ್ಕಿ, ಒಳಗೆ ಹೋದರು.

ಸಂಜೆ ದಡದ ಹುಲ್ಲಿನ ಮೇಲೆ ಡೇರೆ ಹಾಕಿ ಊಟ. ಸಿರಿಲ್ ಮುಸುಕು ಹೊದ್ದು ದೋಣಿಯಲ್ಲೇ ಮಲಗಿದ್ದ.

“ನಾನು ಬರಲ್ಲ. ನನ್ನ ಕಥೆ ಮುಗೀತು.”

“ಕಥೆ ಮುಗಿದ್ರೂ ಹೊಟ್ಟೆ ಕೇಳುತ್ತಾ? ಹುರಿದ ಮಾಂಸದ ವಾಸನೆ ಬರ್ತಿದೆ. ಏಳು,” ಎಂದು ಮ್ಯೂರಿಯಲ್ ಮುಸುಕು ಎಳೆದಳು.

ಊಟ ಮುಗಿಯುತ್ತಲೇ ಕಮೊಡೋರರು ಎದ್ದು ನಿಂತರು. ಕೈಯಲ್ಲಿ ದೋಣಿ ಎಳೆಯುವ ಹಳೆಯ ಕೊಕ್ಕೆಗೋಲು, ಕೊಕ್ಕೆ ಸೊಟ್ಟಗಾಗಿತ್ತು. ಸಿರಿಲ್ ಮೇಜಿನ ಕೆಳಗೆ ಇಳಿಯಲು ನೋಡಿದ.

“ನಮ್ಮ ಸಂಘದ ಅತಿ ಹಳೇ ಗೌರವ ಇದು, ಸೊಟ್ಟ ಕೊಕ್ಕೆ,” ಎಂದರು ಕಮೊಡೋರರು. “ವರ್ಷದ ಅತಿ ದೊಡ್ಡ ಎಡವಟ್ಟಿಗೆ ಕೊಡೋದು. ಈ ವರ್ಷ ಚರ್ಚೆ ಏನೂ ಬೇಕಿಲ್ಲ. ಒಂದೇ ತೊಡಕು. ಪೂರ್ಣ ಸದಸ್ಯರಿಗೆ ಮಾತ್ರ ಕೊಡಬೇಕು ಅಂತ ನಿಯಮ ಇದೆ. ಇಂಥ ಎಡವಟ್ಟನ್ನ ಬಿಟ್ಟುಕೊಡೋಕೆ ನನಗಂತೂ ಮನಸ್ಸಿಲ್ಲ. ಅದಕ್ಕೇ ಪಾರ್ಜಿಟರ್ ಅವರನ್ನ ಈಗಿಂದೀಗಲೇ ಪೂರ್ಣ ಸದಸ್ಯರನ್ನಾಗಿ ಮಾಡೋಣ. ಒಪ್ಪಿಗೆ ಇರೋರು ಕೈ ಎತ್ತಿ.”

ಇಡೀ ಡೇರೆ ಕೈ ಎತ್ತಿತು. ಮೊದಲು ಎದ್ದದ್ದು ಮ್ಯೂರಿಯಲ್ ಕೈ. (ಅವಳಿಗೆ ಮತವೇ ಇರಲಿಲ್ಲ.)

ಕೊಕ್ಕೆ ತೆಗೆದುಕೊಂಡ ಸಿರಿಲ್ ಅದರ ಮೇಲೆ ಕೆತ್ತಿದ್ದ ಹೆಸರುಗಳನ್ನು ನೋಡಿದ. ಎಚ್. ಗ್ಯಾಸ್ಕೆಲ್. ಅದರ ಕೆಳಗೆ ಮತ್ತೆ ಎಚ್. ಗ್ಯಾಸ್ಕೆಲ್. ಅವನ ಭಕ್ತಿ ಇಮ್ಮಡಿಯಾಯಿತು.

“ನಾನೂ ಇದೇ ಲಾಕಲ್ಲೇ ತೂಗಾಡಿದ್ದು,” ಎಂದು ಕಮೊಡೋರರು ಅವನ ಕಿವಿಯಲ್ಲಿ ಹೇಳಿದರು. “ಆದ್ರೆ ನಮ್ಮನೆಯವಳು ಚಾಕು ತಂದಿರಲಿಲ್ಲ. ನೀವು ಪುಣ್ಯವಂತರು. ಹಾಂ, ಕೊಕ್ಕೆ ಇರೋರು ಪ್ರತಿ ಲಾಕ್ ಬಂದಾಗ್ಲೂ ಮೂರು ಸಲ ಹಾರ್ನ್ ಹೊಡೀಬೇಕು. ಬೇರೆಯವರು ಹುಷಾರಾಗಲಿ ಅಂತ.”

ಭಾನುವಾರ ಹಿಂತಿರುಗುವಾಗ ಡಾಲ್ಫಿನ್ ಮೂತಿಯಲ್ಲಿ ನೀಲಿ ಬಾವುಟ ಪಟಪಟನೆ ಹಾರುತ್ತಿತ್ತು. ಎಂಥ ಬಾವುಟ! ಅದರ ಹಂಸ ತನ್ನನ್ನೇ ನೋಡುತ್ತಿದೆ ಎಂದು ಸಿರಿಲ್‌ಗೆ ಅನ್ನಿಸಿತು. ಆಶ್‌ಕೊಂಬ್ ಲಾಕ್ ಬಂತು. ಅವನು ಎದೆಯುಬ್ಬಿಸಿ ಮೂರು ಸಲ ಹಾರ್ನ್ ಹೊಡೆದ. ಲಾಕಿನವನು ಓಡಿ ಬಂದು, ಬಾವುಟ ನೋಡಿ, ಸಿರಿಲ್‌ಗೆ ಒಂದು ಸಲಾಮು ಹೊಡೆದ. ಆಮೇಲೆ ಅವನ ತಲೆಯ ಮೇಲಿಂದ ಹಣಕಿ ಕೇಳಿದ:

“ಮೇಡಂ, ಚಾಕು ಇದೆ ತಾನೇ?”

ಮ್ಯೂರಿಯಲ್ ಬ್ರೆಡ್ ಚಾಕುವನ್ನು ಎತ್ತಿ ತೋರಿಸಿದಳು.

“ಹಾಗಾದ್ರೆ ಸರಿ,” ಎಂದು ಅವನು ಬಾಗಿಲು ತೆರೆಯಲು ಹೋದ.