ಖಾಲಿಯಾದ ಮನೆಗೆ ಆಮಂತ್ರಣ

ವಿಳಾಸ ಗೊತ್ತಿದ್ದರೆ ಮನುಷ್ಯರೂ ಅಲ್ಲೇ ಸಿಗುತ್ತಾರೆ ಎಂದು ನಂಬಿದವನು ನಾನು. ಈ ನಂಬಿಕೆಯಿಂದ ಮೊದಲು ಕೆಟ್ಟದ್ದು ಹಿರೇಹಳ್ಳಿಯ ನಮ್ಮ ಬೋಲ್ಟ್ ಕಾರ್ಖಾನೆಯ ತೂಕ. ತೂಕದ ಯಂತ್ರದ ಜೊತೆ ಸಿ ಎಂಬ ಕಂಪ್ಯೂಟರ್ ಭಾಷೆಯ ಲೈಬ್ರರಿಯೊಂದು, ಅಂದರೆ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಬಂದಿದೆ. ಅದನ್ನು ಪೈಥಾನ್ ಎಂಬ ಇನ್ನೊಂದು ಭಾಷೆಯಿಂದ ಕರೆದು ಬೋಲ್ಟಿನ ಚೀಲಗಳಿಗೆ ತೂಕದ ಲೇಬಲ್ ಹೊರಡಿಸುವುದು ನನ್ನ ಕೆಲಸ. ಸಿ ಮಹಾಶಯ ತೂಕವನ್ನು ಕೈಗೆ ಕೊಡುವವನಲ್ಲ. "ಒಂದು ಜಾಗದ ವಿಳಾಸ ಕೊಡು, ಅಲ್ಲಿ ಬರೆದಿಡುತ್ತೇನೆ" ಎನ್ನುತ್ತಾನೆ. ಆ ವಿಳಾಸಕ್ಕೇ ಪಾಯಿಂಟರ್ ಎಂದು ಹೆಸರು. ನಾನು ಕೊಟ್ಟೆ. ಬೆಳಿಗ್ಗೆಯೆಲ್ಲ ಸರಿಯಾಗಿತ್ತು. ಮಧ್ಯಾಹ್ನ ಒಂದು ಚೀಲ ಲಾರಿಗಿಂತ ಭಾರ ತೂಗಿತು, ಇನ್ನೊಂದು ಏನೂ ತೂಗಲಿಲ್ಲ, ಆಮೇಲೆ ಪ್ರೋಗ್ರಾಮೇ ಮಾತಿಲ್ಲದೆ ಮಲಗಿತು.

ಸೂಪರ್‌ವೈಸರ್ ಶಿವಣ್ಣ ಬಂದು, "ಏನ್ ಸಾರ್, ಊಟ ಆದ್ಮೇಲೆ ಬೋಲ್ಟೂ ದಪ್ಪ ಆಯ್ತವಾ? ಸೋಮವಾರ ಲೋಡ್ ಹೋಗೋದ್ರೊಳ್ಗೆ ಸರಿ ಮಾಡ್ಬುಡಿ. ಇಲ್ಲಾಂದ್ರೆ ಓನರ್ರು ಪ್ರೋಗ್ರಾಂ ತೆಗೆಸಿ, ಚೀಟಿ ಬರೆಯೋಕೆ ನಿಮ್ಮನ್ನೇ ನಿಲ್ಲಿಸ್ತಾರಂತೆ" ಎಂದರು. ನಾನು ವೈರ್ ಬದಲಿಸಿದೆ, ಯಂತ್ರವನ್ನು ಅನುಮಾನಿಸಿದೆ, ಬೋಲ್ಟನ್ನೂ ಅನುಮಾನಿಸಿದೆ. ನನ್ನೊಬ್ಬನ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಭಾನುವಾರ ನನ್ನ ಹೆಂಡತಿ ಸುಮಾ, ನಮ್ಮ ಗೃಹಪ್ರವೇಶಕ್ಕೆ ತನ್ನ ದೊಡ್ಡಪ್ಪನನ್ನು ಕರೆಯಲು ನನ್ನನ್ನು ಕುಣಿಗಲ್ಲಿಗೆ ಅಟ್ಟಿದಳು. ನಮ್ಮ ಕಡೆ ಬಾಗಿಲಿಗೆ ಹೋಗಿ ಕರೆಯದಿದ್ದರೆ ಕರೆದಂತೆಯೇ ಅಲ್ಲ. "ಫೋನ್ ಮಾಡಿ ಹೋಗ್ರೀ" ಎಂದಳು. ನನಗೆ ಮನೆ ಗೊತ್ತಲ್ಲ, ಮಾಡಲಿಲ್ಲ. ಬಾಗಿಲು ತೆಗೆದ ಹೆಂಗಸು ನೀರು ಕೊಟ್ಟರು, ಕಾಫಿ ಕೊಟ್ಟರು. ದೊಡ್ಡಪ್ಪನ ಸೊಸೆ ಇರಬೇಕು ಎಂದುಕೊಂಡೆ. ಪತ್ರಿಕೆ ಕೊಟ್ಟು "ಮನೆಮಂದಿಯೆಲ್ಲ ಬರಬೇಕು" ಎಂದೆ. ಚಪ್ಪಲಿ ಮೆಟ್ಟುವಾಗ ದೊಡ್ಡಪ್ಪ ಎಲ್ಲಿ ಎಂದು ವಿಚಾರಿಸಿದೆ.

"ಹಳೇ ಬಾಡಿಗೆಯವ್ರಾ? ಅವ್ರು ಖಾಲಿ ಮಾಡ್ಕೊಂಡು ಗುಬ್ಬಿಗೋದ್ರಲ್ಲ! ಇರ್ಲಿ ಬುಡಿ, ನಾವಂತೂ ಬರ್ತೀವಿ" ಎಂದರು. ಕೊಟ್ಟ ಪತ್ರಿಕೆಯನ್ನು ವಾಪಸ್ ಕೇಳುವುದು ಹೇಗೆ?

ಬಸ್ಸಿನಲ್ಲಿ ಹೊಳೆಯಿತು. ನಾನು ಸಿ ಮಹಾಶಯನಿಗೆ ವಿಳಾಸ ಕೊಟ್ಟಿದ್ದೆನೇ ಹೊರತು ಜಾಗವನ್ನು ಹಿಡಿದಿಟ್ಟುಕೊಂಡಿರಲಿಲ್ಲ. ಯಾರಿಗೂ ಬೇಡವೆಂದು ತಿಳಿದು ಪೈಥಾನ್ ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತ್ತು. ಸಿ, ಪಾಪ, ನನ್ನ ಹಾಗೆಯೇ ಹಳೇ ಬಾಗಿಲು ತಟ್ಟಿ ಯಾರದೋ ಮನೆಯಲ್ಲಿ ತೂಕ ಇಟ್ಟು ಬರುತ್ತಿದ್ದ. ಖುಷಿಗೆ ದೊಡ್ಡಪ್ಪ ತಲೆಯಿಂದಲೇ ಹೋದರು. "ಕರೆದ್ರಾ?" ಎಂದು ಸುಮಾ ಕೇಳಿದಾಗ, "ಹೂಂ, ಕಾಫಿ ಚೆನ್ನಾಗಿತ್ತು" ಎಂದೆ. ಮರುದಿನ, ತೂಕ ಮುಗಿಯುವವರೆಗೂ ಪೈಥಾನ್ ಆ ಜಾಗ ಬಿಡದಂತೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದೆ. ಬೋಲ್ಟುಗಳು ತೆಳ್ಳಗಾದವು, ಲೋಡ್ ಹೋಯಿತು.

ಗೃಹಪ್ರವೇಶಕ್ಕೆ ಕುಣಿಗಲ್ಲಿನವರು ಮಾತಿಗೆ ತಪ್ಪದೆ ಮನೆಮಂದಿಯೆಲ್ಲ ಬಂದರು. ಸುಮಾ ದೊಡ್ಡಪ್ಪನಿಗೆಂದು ಕಾಯ್ದಿರಿಸಿದ್ದ ಎಲೆಗಳ ಮುಂದೆಯೇ ಕೂತರು. ಪಕ್ಕದಲ್ಲಿದ್ದ ಶಿವಣ್ಣ ಆ ಕುಣಿಗಲ್ಲಿನವರಿಗೆ ನನ್ನನ್ನು ತೋರಿಸಿ ಹೆಮ್ಮೆಯಿಂದ, "ಯಾವ್ದು ಎಲ್ಲಿಗೆ ತಪ್ಪಿ ಹೋಗೈತೆ ಅಂತ ಕಂಡ್ಹಿಡಿಯೋದ್ರಲ್ಲಿ ನಮ್ ಸಾರ್ ಬುಟ್ರೆ ಇಲ್ಲ" ಎಂದರು.

ಹೋಳಿಗೆ ಬಡಿಸುತ್ತಾ ಬಂದ ಸುಮಾ ಆ ಗುರುತಿಲ್ಲದವರನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಎಲೆ ಬಿಟ್ಟು ಮುಂದಿನ ಎಲೆಗೆ ಹೋದಳು.