ಕ್ಯಾಮೆರಾಕ್ಕೆ ಅಡ್ಡ ನಿಂತ ಬಿಜಲಿಯವರಿಗೆ

ಶ್ರೀಮತಿ ಬಿಜಲಿಯವರಿಗೆ,
ಬಿಳಿ ಕುದುರೆ, ಮದುವೆ ಮೆರವಣಿಗೆ ವಿಭಾಗ,
ಗೊಲ್ಲಾಳಪ್ಪನವರ ಲಾಯ, ಜೋರಾಪುರ ಪೇಟೆ, ವಿಜಯಪುರ.

ಮಾನ್ಯರೇ,

ತಮ್ಮ ನಾಲ್ಕೂ ಲಾಳಗಳು ಕ್ಷೇಮವೆಂದೂ, ನೆನೆಸಿದ ಕಡಲೆ ಹೊತ್ತಿಗೆ ಸರಿಯಾಗಿ ತಮ್ಮ ಮುಂದೆ ಬರುತ್ತಿದೆಯೆಂದೂ ನಂಬಿ, ತಮ್ಮ ಯಜಮಾನರಾದ ಗೊಲ್ಲಾಳಪ್ಪನವರು ಇದನ್ನು ತಮಗೆ ಗಟ್ಟಿಯಾಗಿ ಓದಿ ಹೇಳುವರೆಂಬ ಭರವಸೆಯಿಂದ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಓದುವಾಗ ಅವರು ನಕ್ಕರೆ ತಾವು ನಗಬಾರದಾಗಿ ವಿನಂತಿ.

ನಾನು ತಿಕೋಟಾದ ದೇವಾನಂದ. ಹೊಟ್ಟೆಪಾಡಿಗೆ ಮದುವೆಯ ವಿಡಿಯೊ ತೆಗೆಯುವವನಾದರೂ ನನ್ನ ಕಾರ್ಡಿನ ಮೇಲೆ 'ಚಿತ್ರ ನಿರ್ದೇಶಕ' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿದೆ. ಇದುವರೆಗೆ ಮೂರು ಬ್ಯಾಂಡುಗಳ ಹಾಡಿಗೆ ವಿಡಿಯೊ ನಿರ್ದೇಶಿಸಿದ್ದೇನೆ. ಮೊದಲನೆಯದು ಬಬಲೇಶ್ವರದ ಕಾಲೇಜು ಹುಡುಗರ ಗಿಟಾರ್ ಬ್ಯಾಂಡು. ವಾತಾವರಣಕ್ಕೆ ಹೊಗೆ ಬೇಕೆಂದು ಜೋಳದ ಕಣಿಕೆಗೆ ಬೆಂಕಿ ಹಚ್ಚಿಸಿದೆ. ಹಾಡುಗಾರ ಎರಡನೇ ಸಾಲಿಗೇ ಕೆಮ್ಮಲು ಹತ್ತಿ, ಹಾಡಿಗಿಂತ ಕೆಮ್ಮೇ ಉದ್ದವಾಯಿತು. ಎರಡನೆಯದು ನಮ್ಮೂರಿನ ಬೆಂಜೊ ಪಾರ್ಟಿಯದು. ಹೊನವಾಡದ ದ್ರಾಕ್ಷಿ ತೋಟದಲ್ಲಿ, ಆಗ ತಾನೇ ಕಲಿತಿದ್ದ ಸ್ಲೋ ಮೋಷನ್ನನ್ನು ಮೊದಲಿನಿಂದ ಕೊನೆಯವರೆಗೆ ಬಿಗಿದ ಕಾರಣ, ಜಿಲ್ಲೆಯಲ್ಲೇ ಚುರುಕಾದ ಬೆರಳುಗಳವನು ಬೇಳೆಯಲ್ಲಿ ಕಲ್ಲು ಆರಿಸುತ್ತಿರುವಂತೆ ಕಂಡ. ಇಷ್ಟು ಅನುಭವ ಹೊತ್ತುಕೊಂಡು ಮೂರನೆಯದಕ್ಕೆ ಬಂದಾಗ ತಾವು ನನಗೆ ಅಡ್ಡ ಬಂದಿರಿ.

ತಮ್ಮ ಓಣಿಯ ಮಲಂಗಸಾಬರ ಪರಿಚಯ ತಮಗೆ ನನಗಿಂತ ಚೆನ್ನಾಗಿದೆ. ಮೂವತ್ತೆಂಟು ವರ್ಷದಿಂದ ಬ್ಯಾಂಡ್ ಕಂಪನಿಯಲ್ಲಿ ಕ್ಲಾರ್ನೆಟ್ ಊದುತ್ತ ತಮ್ಮ ಹಿಂದೆಯೂ, ತಮಗಿಂತ ಮುಂಚಿನ ಕುದುರೆಗಳ ಹಿಂದೆಯೂ ನಡೆದವರು. ಅವರ ಮುಂದಿನ ನಾಲ್ಕು ಹಲ್ಲು ಅಲುಗಾಡುತ್ತಿದ್ದವು. ಸೋಮವಾರ ಕೀಳಲೇಬೇಕೆಂದು ಡಾಕ್ಟರು ದಿನ ಗೊತ್ತು ಮಾಡಿದ್ದರು. ಆ ಹಲ್ಲು ಹೋದ ಮೇಲೆ ಕ್ಲಾರ್ನೆಟ್ ಮತ್ತೆ ಬಾಯಿಗೆ ಕೂರುವುದಿಲ್ಲ. ಅಷ್ಟರೊಳಗೆ ಒಂದು ವಿಡಿಯೊ ಆಗಬೇಕೆಂದು ನನ್ನ ಬಳಿ ಬಂದವರು ಅವರಲ್ಲ, ಅವರ ಹೆಂಡತಿ ಜುಲೇಖಾ. ಕರೆಯದ ಮದುವೆಗೆ ಹೋಗುವವರಲ್ಲವಾದ್ದರಿಂದ ಗಂಡ ಊದುವುದನ್ನು ಆಕೆ ಎಂದೂ ಕಂಡಿರಲಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಆ ಮನುಷ್ಯ ಗೋಡೆಗೆ ಮುಖ ಮಾಡುತ್ತಿದ್ದರು. "ಮಂದಿ ಮದವಿ ವಿಡಿಯೊ ಎಲ್ಲಾ ಇಸಗೊಂಡು ನೋಡೀನ್ರಿ. ಒಂದರಾಗ ಮೊಣಕೈ ಐತಿ, ಒಂದರಾಗ ಟೊಪಗಿ ಐತಿ. ಊದೂ ಮುಂದ ಇವರ ಮಾರಿ ಹ್ಯಾಂಗ ಇರತೈತಿ, ಒಮ್ಮೆ ತೋರಸ್ರಿ," ಎಂದರು. ಅಷ್ಟೇನಾ, ಎಂದು ನಾನು ಮೀಸೆ ತಿರುವಿದೆ.

ಶನಿವಾರ ಸಂಜೆ ಭೂತನಾಳ ಕೆರೆಯ ಏರಿಯ ಮೇಲೆ ಚಿತ್ರೀಕರಣ. ತಮ್ಮನ್ನು ಕರೆಸಿದ್ದು ನಾನಲ್ಲ ಎಂಬುದನ್ನು ಇಲ್ಲಿ ದಾಖಲಿಸಲು ಬಯಸುತ್ತೇನೆ. "ಆಕಿ ಹೆಜ್ಜಿ ಸಪ್ಪಳ ಕೇಳಿದ್ರನ ನನಗ ಉಸರ ಬರತೈತ್ರಿ," ಎಂದು ಹಟ ಹಿಡಿದವರು ಮಲಂಗಸಾಬರು. ಸರಿ, ದೀಪ ಹೊತ್ತಿಸಿದೆ. ತಾವು ಗಂಭೀರವಾಗಿ ನಡೆದು ಬಂದು, ದೀಪದೆದುರು ನಿಂತು, ಕತ್ತು ಎತ್ತಿ, ಬಲಗೆನ್ನೆಯನ್ನು ಕ್ಯಾಮೆರಾಕ್ಕೆ ದಯಪಾಲಿಸಿದಿರಿ. ತಮ್ಮ ಹಿಂದೆ ಎಲ್ಲೋ ಕ್ಲಾರ್ನೆಟ್ಟಿನ ದನಿ ಮಾತ್ರ ಇತ್ತು. ನಾನು ಎಡಕ್ಕೆ ಹೋದರೆ ಎಡಕ್ಕೆ ಬಂದಿರಿ, ಏರಿ ಇಳಿದರೆ ಇಳಿದಿರಿ. ಗೊಲ್ಲಾಳಪ್ಪನವರು ಲಗಾಮು ಹಿಡಿದು ಜಗ್ಗಿದಾಗ ಅವರನ್ನೂ ಚಿತ್ರದೊಳಕ್ಕೆ ಎಳೆದುಕೊಂಡು ಬಂದಿರಿ. ದೀಪ ಕಂಡ ಕೂಡಲೇ ತನ್ನ ಜಾಗಕ್ಕೆ ಬಂದು ಅಲುಗಾಡದೆ ನಿಲ್ಲುವ ಇಂಥ ಕಲಾವಿದರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಹೊತ್ತು ಮುಳುಗುವವರೆಗೆ ಬೈದೆ. ತಾವು ಒಂದಕ್ಕೂ ಕಿವಿಗೊಡಲಿಲ್ಲ.

ಮನೆಗೆ ಬಂದು ತೆಗೆದದ್ದನ್ನೆಲ್ಲ ನೋಡುವಾಗ, ಇದನ್ನು ಈ ಪ್ರಾಣಿಗೆ ಕಲಿಸಿದ ಪುಣ್ಯಾತ್ಮ ಯಾರೆಂದು ಶಪಿಸಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಕಲಿಸಿದವನು ನಾನೇ. ಹನ್ನೆರಡು ವರ್ಷ, ಪ್ರತಿ ಮೆರವಣಿಗೆಯಲ್ಲೂ ದೀಪದೆದುರು ತಮ್ಮನ್ನು ನಿಲ್ಲಿಸಿ, ಅಲುಗದೆ ನಿಂತರೆ ಒಂದು ಚೂರು ಬೆಲ್ಲ ಕೊಟ್ಟು, ಮದುಮಗನ ಮುಖವಷ್ಟೇ ಬರಲಿ, ಹಿಂದಿನ ಬ್ಯಾಂಡಿನವರು ಕಾಣಬಾರದು, ಅವರ ಮಾಸಿದ ಕೋಟು ಚಿತ್ರ ಕೆಡಿಸುತ್ತದೆ ಎಂದು ಗೊಲ್ಲಾಳಪ್ಪನವರಿಗೆ ಕೂಗಿ ಹೇಳುತ್ತಿದ್ದ ದನಿ ನನ್ನದೇ. ಜುಲೇಖಾ ಹುಡುಕಿ ಹುಡುಕಿ ನೋಡಿದ ಆ ಮೊಣಕೈಯ ವಿಡಿಯೊಗಳೂ ನಾನು ತೆಗೆದವೇ ಆಗಿದ್ದಾವು. ನನಗೆ ನಾಚಿಕೆಯಾಯಿತು, ಬಿಜಲಿಯವರೇ.

ಉಳಿದದ್ದು ಭಾನುವಾರ ಒಂದೇ. ಈ ಸಲ ಜುಲೇಖಾ ಅವರೇ ಖುದ್ದಾಗಿ ಏರಿಗೆ ಬಂದರು. ಎರಡು ಸಲ ತಮ್ಮ ಕತ್ತನ್ನೇ ಮತ್ತೆ ಸೆರೆಹಿಡಿದು ನಾನು ತಲೆಯ ಮೇಲೆ ಕೈಹೊತ್ತು ಕೂತಾಗ, "ಆಕಿ ದೀಪದ ಕಡೆ ಬರತಾಳ, ನಿಮ್ಮ ಕಡೆ ಅಲ್ಲ. ದೀಪಾ ಇತ್ತ ಕೊಡ್ರಿ," ಎಂದು ದೀಪವನ್ನೂ ಬೆಲ್ಲವನ್ನೂ ಇಸಿದುಕೊಂಡು ನನ್ನ ಬೆನ್ನ ಹಿಂದೆ ಹೋಗಿ ನಿಂತರು. ಮೂರು ವಿಡಿಯೊ ನಿರ್ದೇಶಿಸಿದವನ ತಲೆಗೆ ಹೊಳೆಯದ್ದು ಒಂದೂ ನಿರ್ದೇಶಿಸದ ಹೆಂಗಸಿಗೆ ಹೊಳೆಯಿತು. ತಾವು ಆಕೆಯತ್ತ ನಡೆದ ಹೆಜ್ಜೆಯ ಸಪ್ಪಳಕ್ಕೇ ಮಲಂಗಸಾಬರಿಗೆ ಉಸಿರು ಬಂತು. ನನ್ನ ಕ್ಯಾಮೆರಾದೆದುರು, ಮೊದಲ ಸಲ, ಅಡ್ಡಿಯಿಲ್ಲದ ಆ ಮುಖ. ಹಾಡು ಮುಗಿಯುವವರೆಗೆ ಊದಿದರು. ನಾನು ಮಾತ್ರ ಮಸುಕಾದೀತೆಂಬ ಭಯದಲ್ಲಿ ಲೆನ್ಸಿನ ಬಳೆ ತಿರುಗಿಸುತ್ತ, ಅದರ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ನೋಡಿದರೆ ಕ್ಯಾಮೆರಾದ ಮೆಮೊರಿ ಕಾರ್ಡ್ ತುಂಬಿ ಹೋಗಿತ್ತು. ಅದರೊಳಗೆ ಎರಡು ದಿನದ ತಮ್ಮ ಕತ್ತು, ತಮ್ಮ ಜೂಲು, ತಮ್ಮ ಬಲಗೆನ್ನೆ. ಕೊನೆಯಲ್ಲಿ ಮಲಂಗಸಾಬರು ಕ್ಲಾರ್ನೆಟ್ ತುಟಿಗಿಟ್ಟು ಉಸಿರೆಳೆದುಕೊಳ್ಳುವ ನಾಲ್ಕು ಸೆಕೆಂಡು. ಮೊದಲ ಸ್ವರಕ್ಕೆ ಜಾಗವಿರಲಿಲ್ಲ. ಅಷ್ಟರಲ್ಲಿ ಕತ್ತಲಾಗಿತ್ತು, ಅವರ ತುಟಿಯೂ ಬಾತಿತ್ತು.

ಸೋಮವಾರ ಹಲ್ಲು ಕಿತ್ತರು. ಮಂಗಳವಾರ ಆ ನಾಲ್ಕು ಸೆಕೆಂಡು ಹಿಡಿದುಕೊಂಡು, ಉಗಿಸಿಕೊಳ್ಳಲು ಸಿದ್ಧನಾಗಿ ಅವರ ಮನೆಗೆ ಹೋದೆ. ಬಾಯಿ ತುಂಬ ಹತ್ತಿಯಿದ್ದ ಮಲಂಗಸಾಬರು ಬೈಯುವ ಸ್ಥಿತಿಯಲ್ಲಿರಲಿಲ್ಲ. ಜುಲೇಖಾ ಮೂರು ಸಲ ನೋಡಿದರು. "ಇಷ್ಟ ಸಾಕ ಬಿಡ್ರಿ. ಮುಂದಿಂದು ನಾ ಕಣ್ಣಾರೆ ನೋಡೀನಲ್ಲ," ಎಂದು ಚಹಾ ಇಡಲು ಒಳಗೆ ಹೋದರು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಅಂದು ಬೆಲ್ಲ ಮುಗಿದ ಮೇಲೆ ತಾವು ಜುಲೇಖಾ ಅವರ ಪಕ್ಕದಲ್ಲೇ ನಿಂತು, ಕತ್ತು ಹೊರಳಿಸಿ, ಹಾಡು ಮುಗಿಯುವವರೆಗೆ ಮಲಂಗಸಾಬರನ್ನೇ ನೋಡಿದಿರೆಂದು ಗೊಲ್ಲಾಳಪ್ಪನವರು ಹೇಳುತ್ತಾರೆ. ಊದುವಾಗ ಅವರು ಕಣ್ಣು ಮುಚ್ಚಿದ್ದರೇ, ತೆರೆದಿದ್ದರೇ? ಹೆಂಡತಿಯನ್ನು ನೋಡಿದರೇ? ಆಕೆಯನ್ನು ಕೇಳುವ ಮುಖ ನನಗಿಲ್ಲ. ತಾವು ದಯಮಾಡಿ, ತಮಗೆ ತಿಳಿದ ಯಾವ ಭಾಷೆಯಲ್ಲಾದರೂ ಸರಿ, ನನಗೆ ಒಮ್ಮೆ ಹೇಳಬೇಕು.

ತಮ್ಮ ವಿಶ್ವಾಸಿ,
ದೇವಾನಂದ
(ಕಾರ್ಡಿನ ಪ್ರಕಾರ) ಚಿತ್ರ ನಿರ್ದೇಶಕ, ತಿಕೋಟಾ

ತಾ.ಕ.: ಮುಂದಿನ ವಾರ ಬಬಲೇಶ್ವರದ ಮದುವೆಗೆ ನಮ್ಮಿಬ್ಬರನ್ನೂ ಕರೆದಿದ್ದಾರೆ. ದೀಪ ಹೊತ್ತಿದಾಗ ತಾವು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರೆ, ಹಿಂದೆ ಯಾರು ಊದುತ್ತಿದ್ದಾರೆಂದು ನಾನೂ ನೋಡಿಯೇನು. ಬೆಲ್ಲದ ಡಬ್ಬಿಯನ್ನು ಜುಲೇಖಾ ಇನ್ನೂ ವಾಪಸು ಕೊಟ್ಟಿಲ್ಲ. ಅದನ್ನು ನನ್ನ ಕೈಗೆ ಮತ್ತೆ ಕೊಡಬಾರದೆಂದು ತೀರ್ಮಾನಿಸಿದ್ದಾರೆಂದು ಕಾಣುತ್ತದೆ.